ಶಾಯಿಹಣ್ಣಿನ ಇಳಿಜಾರು

ಜೂನ್ ೬

ಅಪ್ಪನಿಗೆ,

ಇದರ ಜೊತೆಗೆ ಒಂದು ಬಾಟಲಿ ಕಳಿಸಿದ್ದೇನೆ. ಹೆದರಬೇಡಿ, ಔಷಧಿಯಲ್ಲ. ಶಾಯಿಹಣ್ಣಿನ ಪಾಕ. ನಾನು ಚಿಕ್ಕವಳಿದ್ದಾಗ ಕಲ್ಲುಗುಡ್ಡದ ಇಳಿಜಾರಿನಲ್ಲಿ ತಿಂದು ನಾಲಗೆ ಕಪ್ಪು ಮಾಡಿಕೊಳ್ಳುತ್ತಿದ್ದೆವಲ್ಲ, ಅದೇ ಮುಳ್ಳುಪೊದೆಯ ಹಣ್ಣು. ನಮ್ಮ ಪ್ರಯೋಗಾಲಯದಲ್ಲಿ ಈ ವರ್ಷ ಅದರದೇ ಕೆಲಸ. ಚೀಲಗಟ್ಟಲೆ ಬರುತ್ತದೆ. ತೊಳೆದು, ಒಣಗಿಸಿ, ಪುಡಿ ಮಾಡಿ, ಸಾರ ಇಳಿಸಿ, ಬೆಳಕು ತಾಗದ ಹಾಗೆ ಕಂದು ಬಣ್ಣದ ಬಾಟಲಿಗೆ ತುಂಬುವುದು ನನ್ನ ಪಾಲಿನದು. ಮಿಕ್ಕ ಹಣ್ಣನ್ನು ಮನೆಗೆ ತಂದು ಸಕ್ಕರೆ ಹಾಕಿ ಕುದಿಸಿದೆ.

ಹಣ್ಣಿನ ಆ ಕಪ್ಪು ಬಣ್ಣದಲ್ಲೇ ಎಲ್ಲ ಇದೆ ಎಂದು ನಮ್ಮ ಮೇಡಂ ಹೇಳುತ್ತಾರೆ. ದೇಹದೊಳಗೂ ಒಂದು ಬಗೆಯ ತುಕ್ಕು ಹಿಡಿಯುತ್ತದಂತೆ, ಅದರಲ್ಲೂ ಮಿದುಳಿಗೆ. ಈ ಬಣ್ಣ ಆ ತುಕ್ಕನ್ನು ತಡೆಯುತ್ತದೆ. ಆಂಟಿಆಕ್ಸಿಡೆಂಟ್ ಎಂದು ಪೇಪರಿನಲ್ಲಿ ನೀವೂ ಓದಿರುತ್ತೀರಿ. ದಿನಾ ಬೆಳಿಗ್ಗೆ ಒಂದು ಚಮಚ ತಿನ್ನಿ.

ಇನ್ನು ಮೇಲೆ ಫೋನ್ ಬೇಡ ಅಪ್ಪಾ, ಪತ್ರವನ್ನೇ ಬರೆಯೋಣ. ನಿಮಗೂ ಫೋನಿನಲ್ಲಿ ಸರಿಯಾಗಿ ಕೇಳಿಸುವುದಿಲ್ಲ. ಪತ್ರವಾದರೆ ಬೇಕೆಂದಾಗ ತೆಗೆದು ಓದಬಹುದು.

ಒಂದು ಮಾತು. ನಾವು ಮೊದಲಿದ್ದ ಮನೆಯ ಬಾಗಿಲು ಯಾವ ಬಣ್ಣದ್ದು? ಸುಮ್ಮನೆ ಕೇಳಿದೆ.

ನಿಮ್ಮ ಮಗಳು

ಜೂನ್ ೧೪

ಅಲಾರಾಂಗೆ,

(ಐವತ್ತು ದಾಟಿದವಳಿಗೆ ಇದೆಂಥ ಹೆಸರು ಎಂದು ಮುಖ ಊದಿಸಬೇಡ. ಹುಟ್ಟಿದ ವಾರದಲ್ಲೇ ನಸುಕಿಗೆ ಕಿರುಚಿ ಇಡೀ ಬೀದಿಯನ್ನು ಎಬ್ಬಿಸಿದವಳು ನೀನು. ಹೆಸರು ಸಂಪಾದಿಸಿದ್ದು ನೀನೇ.)

ಬಾಟಲಿ ಬಂತು. ಮುಚ್ಚಳ ತೆಗೆದೆ, ಮೂಸಿದೆ, ಮುಚ್ಚಿ ಅಂಗಡಿಯ ಮೇಜಿನಡಿ ಇಟ್ಟೆ. ಜೀವಮಾನವಿಡೀ ಗಡಿಯಾರ ರಿಪೇರಿ ಮಾಡಿದವನಿಗೆ ತುಕ್ಕಿನ ಪಾಠ ಹೇಳುತ್ತೀಯಲ್ಲ ತಾಯಿ, ಮೀನಿಗೆ ಈಜು ಕಲಿಸಿದ ಹಾಗೆ. ಎಣ್ಣೆ ಕಡಿಮೆಯಾಗಿ ನಿಂತ ಗಡಿಯಾರಗಳಿಗಿಂತ ಎಣ್ಣೆ ಅತಿಯಾಗಿ ಕೆಟ್ಟ ಗಡಿಯಾರಗಳನ್ನೇ ನಾನು ಜಾಸ್ತಿ ಕಂಡಿದ್ದೇನೆ.

ಈಗ ಅಸಲು ವಿಷಯಕ್ಕೆ ಬರೋಣ. ನಿನಗೆ ಯಾರು ಬರೆದರು? ಪಕ್ಕದ ಅಂಗಡಿಯ ಟೈಲರಮ್ಮ ತಾನೆ? ಹೋದ ತಿಂಗಳು ಒಬ್ಬರ ಬೆಲ್ಟನ್ನು ಇನ್ನೊಬ್ಬರ ವಾಚಿಗೆ ಹಾಕಿಬಿಟ್ಟಿದ್ದೆ. ಆಗ ಅವಳು ಅಲ್ಲೇ ನಿಂತಿದ್ದಳು. ಇವತ್ತು ಬಾಟಲಿ ತೋರಿಸಿದ ಕೂಡಲೇ, ನಾನು ಬಾಯಿ ಬಿಡುವ ಮೊದಲೇ, “ನಾನೇನೂ ಹೇಳಿಲ್ಲಪ್ಪ ನಿಮ್ಮ ಮಗಳಿಗೆ” ಅಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ಮುದುಕನಿಗೆ ಅರಳುಮರಳು ಎಂದು ನೀವಿಬ್ಬರೂ ತೀರ್ಮಾನಿಸಿದ್ದರೆ ಕೇಳಿ. ನಿನ್ನ ಅಮ್ಮನನ್ನು ಕೊನೆಯವರೆಗೂ ನೋಡಿಕೊಂಡವನು ನಾನು. ಮರೆವು ಯಾವ ಬಾಗಿಲಿನಿಂದ ಮನೆಯೊಳಗೆ ಬರುತ್ತದೆ, ಮೊದಲು ಯಾವ ಮೂಲೆಯಲ್ಲಿ ಕೂರುತ್ತದೆ, ಎಲ್ಲ ಬಲ್ಲೆ. ನನ್ನ ಹತ್ತಿರ ಅದು ಸುಳಿದಿಲ್ಲ.

ಬಾಗಿಲು ನೀಲಿ. ನೀನು ಮೊಳೆಯಲ್ಲಿ ಗೀಚಿ ಅದರ ಮೇಲೆ ಒಂದು ಹಕ್ಕಿ ಬರೆದಿದ್ದೆ. ಅದು ಹಕ್ಕಿ ಎಂದು ನೀನು ಹೇಳಿದ ಮೇಲೆ ನಮಗೆ ಗೊತ್ತಾಯಿತು. ಎಷ್ಟು ಅಂಕ ಕೊಟ್ಟೆ?

ನಿನ್ನ ಅಪ್ಪ

ಜುಲೈ ೨

ಅಪ್ಪನಿಗೆ,

ನೀವು ಯಾವಾಗಲೂ ಹೀಗೇ. ಹಗ್ಗ ತೋರಿಸಿದರೆ ಹಾವು ಅನ್ನುತ್ತೀರಿ. ಟೈಲರಮ್ಮ ನನಗೆ ಒಂದಕ್ಷರವನ್ನೂ ಬರೆದಿಲ್ಲ. ಪಾಪ, ಅವರ ಮೇಲೆ ಯಾಕೆ ಹರಿಹಾಯುತ್ತೀರಿ?

ನಮ್ಮ ಇಲಿಗಳ ಕಥೆ ಹೇಳುತ್ತೇನೆ. ಒಂದು ದೊಡ್ಡ ತೊಟ್ಟಿಯಲ್ಲಿ ನೀರು ತುಂಬಿಸಿ, ತಳ ಕಾಣದ ಹಾಗೆ ಬಿಳಿ ಬಣ್ಣ ಬೆರೆಸುತ್ತೇವೆ. ನೀರಿನಡಿ ಒಂದು ಕಡೆ ಪುಟ್ಟ ಕಟ್ಟೆ ಇರುತ್ತದೆ. ಇಲಿ ಈಜಿ ಅದನ್ನು ಹುಡುಕಿ ಹತ್ತಬೇಕು. ನೆನಪು ಚೆನ್ನಾಗಿರುವ ಇಲಿ ನಾಲ್ಕು ದಿನದಲ್ಲಿ ಕಲಿತು ನೆಟ್ಟಗೆ ಅಲ್ಲಿಗೇ ಹೋಗುತ್ತದೆ. ನೆನಪು ಕೆಟ್ಟದ್ದು ಗೋಡೆ ಹಿಡಿದು ಸುತ್ತುತ್ತಲೇ ಇರುತ್ತದೆ. ಶಾಯಿಹಣ್ಣಿನ ಸಾರ ಕುಡಿದ ಇಲಿಗಳು ಬೇಗ ಕಟ್ಟೆ ಹತ್ತುತ್ತಿವೆ. ಮೇಡಂಗೆ ಖುಷಿಯೋ ಖುಷಿ. ನನಗೆ ಮಾತ್ರ ಆ ಸುತ್ತುವ ಇಲಿಗಳನ್ನು ನೋಡಲು ಆಗುವುದಿಲ್ಲ. ಎದ್ದು ಹೊರಗೆ ಬಂದುಬಿಡುತ್ತೇನೆ.

ಪಾಕ ತಿನ್ನುತ್ತಿದ್ದೀರಾ? ರುಚಿ ಆಗಿನ ಹಾಗೇ ಇದೆಯೇ?

ಇನ್ನೊಂದು. ಅಮ್ಮನ ಧ್ವನಿ ಹೇಗಿತ್ತು ಅಪ್ಪಾ? ತೆಳ್ಳಗಿತ್ತೇ, ದಪ್ಪಗಿತ್ತೇ?

ನಿಮ್ಮ ಮಗಳು

ಜುಲೈ ೧೧

ಅಲಾರಾಂಗೆ,

ತೊಟ್ಟಿ, ಕಟ್ಟೆ, ಇಲಿ. ಅರ್ಥವಾಯಿತು. ನಾನು ಯಾವ ಗುಂಪಿನ ಇಲಿ ಎಂಬುದನ್ನಷ್ಟೇ ಹೇಳಿಬಿಡು.

ನಿನ್ನ ಅಮ್ಮನ ಧ್ವನಿ ಸ್ವಲ್ಪ ಒಡಕು. ಬೆಳಿಗ್ಗೆ ಇನ್ನೂ ಒಡಕು. ಸಿಟ್ಟು ಬಂದರೆ ಎಲ್ಲರೂ ಗಟ್ಟಿಯಾಗಿ ಮಾತಾಡುತ್ತಾರೆ, ಅವಳು ಮೆಲ್ಲಗೆ ಮಾತಾಡುತ್ತಿದ್ದಳು, ನಾವಿಬ್ಬರೂ ನಡುಗುತ್ತಿದ್ದೆವು. ಇಂಥದ್ದನ್ನು ಕೇಳಿ ನನ್ನ ಹೊಟ್ಟೆ ಉರಿಸಬೇಡ. ಪರೀಕ್ಷೆ ಮಾಡುವುದಿದ್ದರೆ ಬೇರೆ ಪ್ರಶ್ನೆ ಹುಡುಕು.

ಬಾಟಲಿಯ ವಿಷಯ. ಎಷ್ಟು ಬಂದಿವೆ ಎಂದು ನಾನು ಹೇಳುವುದಿಲ್ಲ. ಎಷ್ಟು ಕಳಿಸಿದೆ ಎಂದು ನೀನು ಹೇಳು. ಪ್ರತಿ ಬಾಟಲಿಯ ಜೊತೆಗೂ ಅದೇ ಚೀಟಿ, “ಹೆದರಬೇಡಿ, ಔಷಧಿಯಲ್ಲ”, ಅದೇ ಮಾತು ಅದೇ ಸಾಲಿನಲ್ಲಿ. ಮುದುಕ ಗಮನಿಸುತ್ತಾನೋ ಇಲ್ಲವೋ ನೋಡೋಣ ಅಂತ ತಾನೆ? ಒಂದನ್ನು ಟೈಲರಮ್ಮನಿಗೆ ಕೊಟ್ಟೆ. ಮಿದುಳಿನ ಸಂಗತಿ ಗೊತ್ತಿಲ್ಲ, ಅವಳ ಬಾಯಿ ಮೊದಲಿಗಿಂತ ಚುರುಕಾಗಿದೆ.

ಕವರಿನ ಮೇಲಿನ ವಿಳಾಸ ನಿನ್ನ ಕೈಬರಹವಲ್ಲ. ಭೂತಗನ್ನಡಿ ಹಾಕಿ ನೋಡಿದ್ದೇನೆ. ಯಾರು ಬರೆದದ್ದು? ಡಾಕ್ಟರೇ? ನನ್ನ ಉತ್ತರಗಳನ್ನು ಅವರಿಗೆ ತೋರಿಸುತ್ತಿದ್ದೀಯಾ?

ಮೊನ್ನೆ ಯಾರೋ ಇಬ್ಬರು ಬಂದು ನನ್ನ ಅಂಗಡಿಯ ಶಟರಿನ ಅಗಲ ಅಳೆದು ಹೋದರು. “ಯಾಕ್ರಪ್ಪಾ?” ಅಂದರೆ, “ಸುಮ್ನೆ ಸಾರ್” ಅಂದರು. ಶಟರನ್ನು ಸುಮ್ಮನೆ ಯಾರೂ ಅಳೆಯುವುದಿಲ್ಲ. ಅಂಗಡಿ ಮುಚ್ಚಿಸಿ ನನ್ನನ್ನು ಮುದುಕರ ಆಶ್ರಮಕ್ಕೆ ಸೇರಿಸುವ ಯೋಚನೆ ಇದ್ದರೆ ಈಗಲೇ ಹೇಳುತ್ತೇನೆ, ಈ ಮೇಜಿನ ಮುಂದೆಯೇ ನನ್ನ ಕೊನೆ. ನನಗೆ ಇರುವುದು ಇದೊಂದೇ.

ಸಂಜೆ ನಿನ್ನ ಚಿಕ್ಕಪ್ಪ ಎದುರಿನ ಫುಟ್‌ಪಾತಿನಲ್ಲಿ ಹೋದ. ಅವನೂ ತಿರುಗಲಿಲ್ಲ, ನಾನೂ ಕರೆಯಲಿಲ್ಲ. ನಿನ್ನ ಅಮ್ಮನಿಗೆ ಮರೆವು ಬಂದಾಗ ನೆಂಟರೆಲ್ಲರ ಎದುರು “ಅತ್ತಿಗೆಗೆ ಹುಚ್ಚು” ಎಂದವನು. ಅವನನ್ನೂ ಸಂಚಿಗೆ ಸೇರಿಸಿಕೊಂಡಿದ್ದೀಯೋ ಏನೋ. ಅವನಿಗೆ ನಿನ್ನ ಶಾಯಿಹಣ್ಣು ಕಳಿಸಬೇಡ. ಮುಳ್ಳು ಕಂಡರೆ ರಸ್ತೆ ಬದಲಿಸುವ ಮನುಷ್ಯ. ಆ ಗುಡ್ಡಕ್ಕೆ ಒಮ್ಮೆಯೂ ಕಾಲಿಟ್ಟವನಲ್ಲ.

ನಿನ್ನ ಅಪ್ಪ

ಜುಲೈ ೨೪

ಅಪ್ಪನಿಗೆ,

ಆಶ್ರಮವಂತೆ, ಡಾಕ್ಟರಂತೆ! ನಿಮ್ಮ ತಲೆಯಲ್ಲಿ ಏನೇನು ಓಡುತ್ತದೆ ಅಪ್ಪಾ? ವಿಳಾಸ ಬರೆದದ್ದು ನನ್ನ ಪಕ್ಕದ ಮೇಜಿನವಳು. ನನ್ನ ಕೈಗೆ ಹಣ್ಣಿನ ಬಣ್ಣ ಹತ್ತಿತ್ತು. ಬಾಟಲಿ ಎಷ್ಟು ಎಂದು ಯಾಕೆ ಕೇಳುತ್ತೀರಿ? ಬಂದಷ್ಟನ್ನು ತಿನ್ನಿ.

ಅಮ್ಮನ ಧ್ವನಿಯ ಬಗ್ಗೆ ಬರೆದಿದ್ದನ್ನು ಹರಿದು ಇಟ್ಟುಕೊಂಡಿದ್ದೇನೆ. ಕೆಲಸದ ಕೋಟಿನ ಜೇಬಿನಲ್ಲೇ ಇರುತ್ತದೆ.

ಇದೊಂದನ್ನು ಹೇಳಿ, ಆಮೇಲೆ ನಿಮ್ಮನ್ನು ಕಾಡುವುದಿಲ್ಲ. ಕಲ್ಲುಗುಡ್ಡದ ಇಳಿಜಾರಿನಲ್ಲಿ ನಾನು ಕಳೆದುಹೋಗಿದ್ದ ದಿನ, ನನ್ನನ್ನು ಹುಡುಕಿದ್ದು ಯಾರು? ಹಣ್ಣು ತೊಳೆಯುವಾಗಲೆಲ್ಲ ಅದೇ ಯೋಚನೆ. ಬೇಗ ಬರೆಯಿರಿ.

ನಿಮ್ಮ ಮಗಳು

ಆಗಸ್ಟ್ ೧

ಅಲಾರಾಂಗೆ,

ಇಷ್ಟೂ ಗೊತ್ತಿಲ್ಲವೇ? ನಿನ್ನ ಚಿಕ್ಕಪ್ಪ.

ಕತ್ತಲಾಗುತ್ತಿತ್ತು. ಟಾರ್ಚ್ ಹಿಡಿದು ಮುಳ್ಳುಪೊದೆಗಳ ನಡುವೆ ನುಗ್ಗಿದ. ಅಂಗಿಯೆಲ್ಲ ಹರಿದಿತ್ತು. ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಇಳಿದು ಬಂದ. ನೀನು ಅವನ ಕಿವಿ ಹಿಡಿದುಕೊಂಡಿದ್ದೆ.

ಸರಿಯಾಯಿತೇ? ಸರಿ ಇಲ್ಲದಿದ್ದರೆ ತಿದ್ದು. ಕಾಯುತ್ತಿರುತ್ತೇನೆ.

ನಿನ್ನ ಅಪ್ಪ

ಆಗಸ್ಟ್ ೯

ಅಪ್ಪಾ,

ಚಿಕ್ಕಪ್ಪನೇ! ನಿಮ್ಮ ಪತ್ರ ಓದಿ ಎಷ್ಟು ನೆಮ್ಮದಿಯಾಯಿತು ಗೊತ್ತೇ? ಹೌದು, ಈಗ ಬರುತ್ತಿದೆ, ಟಾರ್ಚಿನ ಬೆಳಕು, ಮುಳ್ಳಿಗೆ ಸಿಕ್ಕಿ ಬಟ್ಟೆ ಪರ್ರೆಂದು ಹರಿದದ್ದು. ಕಿವಿಯಂತೂ ನನ್ನ ಕೈಯಲ್ಲೇ ಇದ್ದ ಹಾಗಿದೆ.

ಇಂಥವರ ಜೊತೆ ಇಷ್ಟು ವರ್ಷ ಮಾತು ಬಿಟ್ಟಿದ್ದೆವಲ್ಲ ಅಪ್ಪಾ. ಅವರು ಅಮ್ಮನ ಬಗ್ಗೆ ಏನೋ ಅಂದಿದ್ದರು, ಇರಲಿ. ನಾನು ಅವರಿಗೆ ಈವತ್ತೇ ಬರೆಯುತ್ತೇನೆ.

ನಿಮ್ಮ ಮಗಳು

ಆಗಸ್ಟ್ ೩೦

ಮಗಳೇ,

ಈ ಪತ್ರವನ್ನು ಎಷ್ಟು ಸಲ ಶುರು ಮಾಡಿದೆನೋ. ಕೂತು ನಿಧಾನವಾಗಿ ಓದು.

ಚಿಕ್ಕಪ್ಪ ಅಂಗಡಿಗೆ ಬಂದಿದ್ದ. ಅಮ್ಮ ಹೋದ ಮೇಲೆ ಇದೇ ಮೊದಲು. ನನ್ನ ಕಣ್ಣಿನಲ್ಲಿ ಭೂತಗನ್ನಡಿ ಇತ್ತು, ಯಾರೋ ಗಿರಾಕಿ ಅಂದುಕೊಂಡು, “ಐದು ನಿಮಿಷ ಕೂತ್ಕೊಳಿ” ಅಂದೆ. ಕೂತ. ಆಮೇಲೆ ನೋಡಿದರೆ ಇವನು. ಕೈಯಲ್ಲಿ ನಿನ್ನ ಪತ್ರ. ಬಗಲಲ್ಲಿ ನೀನು ಕಳಿಸಿದ ಬಾಟಲಿ.

“ಅಣ್ಣಾ, ಮಗು ನಂಗೆ ಥ್ಯಾಂಕ್ಸ್ ಹೇಳಿ ಬರೆದಿದಾಳೆ. ನಾನು ಅವಳನ್ನ ಗುಡ್ಡದಿಂದ ಹೊತ್ಕೊಂಡು ಬಂದ್ನಂತೆ. ನಾನು ಆವತ್ತು ಊರಲ್ಲೇ ಇರ್ಲಿಲ್ವಲ್ಲ?”

“ಗೊತ್ತು,” ಅಂದೆ.

“ನನ್ನ ಕಿವಿ ಹಿಡ್ಕೊಂಡಿದ್ದು ನೆನಪಿದೆ ಅಂತಾಳೆ. ನಡೀದೇ ಇರೋದು ಹೇಗಣ್ಣ ನೆನಪಾಗುತ್ತೆ?”

ಅವನಿಗೆ ಹೇಳಿದ್ದನ್ನೇ ನಿನಗೂ ಹೇಳುತ್ತೇನೆ. ನೀನು ನನ್ನನ್ನು ಪರೀಕ್ಷಿಸುತ್ತಿದ್ದೀಯ ಎಂದು ನಾನು ನಂಬಿದ್ದೆ. ನಿನ್ನ ಬಾಯಿಂದಲೇ ಅದನ್ನು ಹೊರಡಿಸಬೇಕು ಎಂದು ಹಟ ಬಂತು. ಬೇಕೆಂದೇ, ಯಾರೂ ನಂಬಲಾಗದ ಒಂದು ಸುಳ್ಳು ಬರೆದೆ. ಅದೂ ನೀನು ಸಾವಿರ ಸಲ ಕೇಳಿ ಬೆಳೆದ ಕಥೆಯ ಬಗ್ಗೆ. ಓದಿದ ಕ್ಷಣವೇ “ಏನಪ್ಪಾ ಇದು, ತಲೆ ಕೆಟ್ಟಿದೆಯಾ” ಎಂದು ನೀನು ಬರೆಯುತ್ತೀಯ, ಆಗ ಕುತ್ತಿಗೆ ಪಟ್ಟಿ ಹಿಡಿಯೋಣ ಎಂದುಕೊಂಡಿದ್ದೆ. ನೀನು ನಂಬಿದೆ. ನಿನ್ನ ಪತ್ರ ಬಂದಾಗಲೂ ನನಗೆ ಬುದ್ಧಿ ಬರಲಿಲ್ಲ. ಮುದುಕನ ಮನಸ್ಸು ನೋಯಿಸಬಾರದೆಂದು ನಾಟಕ ಆಡುತ್ತಿದ್ದಾಳೆ ಎಂದು ಸಿಟ್ಟು ಮಾಡಿಕೊಂಡು ಉತ್ತರವನ್ನೇ ಬರೆಯದೆ ಕೂತಿದ್ದೆ.

ಚಿಕ್ಕಪ್ಪ ಬಾಟಲಿಯನ್ನು ಮೇಜಿನ ಮೇಲಿಟ್ಟ. “ಅತ್ತಿಗೆಗೂ ಹೀಗೇ ಅಲ್ವಾ ಶುರುವಾಗಿದ್ದು?” ಅಂದ. ಈ ಸಲ ಅವನ ಬಾಯಲ್ಲಿ ಹುಚ್ಚು ಎಂಬ ಮಾತು ಇರಲಿಲ್ಲ. ಕಣ್ಣು ಒರೆಸಿಕೊಳ್ಳುತ್ತಿದ್ದ.

ಆಮೇಲೆ ನಾನು ಮೇಜಿನಡಿಯಿಂದ ಬಾಟಲಿಗಳನ್ನು ಒಂದೊಂದಾಗಿ ಎತ್ತಿಟ್ಟೆ. ಚೀಟಿಗಳನ್ನು ಅವನೂ ಓದಿದ. ಬಲೆ ಎಂದು ಯಾವುದನ್ನು ಅಂದುಕೊಂಡಿದ್ದೆನೋ, ಅದು ಕಳಿಸಿದ್ದನ್ನು ಮರೆತು ನೀನು ಮತ್ತೆ ಮತ್ತೆ ಕಳಿಸಿದ್ದು. ಪರೀಕ್ಷೆ ಅಂದುಕೊಂಡ ಪ್ರಶ್ನೆಗಳು ಗೊತ್ತಿಲ್ಲದೆ ಕೇಳಿದ ಪ್ರಶ್ನೆಗಳು. ಅಲ್ಲವೇ? ಅಲ್ಲ ಎಂದು ಬರೆ. ಹುಚ್ಚಪ್ಪಾ, ಮತ್ತೆ ಅನುಮಾನ ಶುರು ಮಾಡಿದಿರಾ ಎಂದು ಬೈದು ಬರೆ. ನನ್ನ ಈ ಅನುಮಾನವೂ ಸುಳ್ಳಾಗಲಿ.

ನಿನ್ನನ್ನು ಹುಡುಕಿದ್ದು ಅಮ್ಮ. ಟಾರ್ಚ್ ಇರಲಿಲ್ಲ. ಕಿವಿ ಇರಲಿಲ್ಲ. ಆ ಸುಳ್ಳನ್ನು ತೆಗೆದುಹಾಕು.

ಅಪ್ಪ

ಸೆಪ್ಟೆಂಬರ್ ೧೦

ಅಪ್ಪನಿಗೆ,

ನಿಮ್ಮ ಅನುಮಾನ ಸುಳ್ಳಲ್ಲ.

ಚಳಿಗಾಲದಲ್ಲೇ ಗೊತ್ತಾಗಿತ್ತು. ಮೊದಲು ಕಂದು ಬಾಟಲಿಗಳ ಮೇಲೆ ತಪ್ಪು ಚೀಟಿ ಅಂಟಿಸಿದೆ. ಆಮೇಲೆ ಒಂದು ಸಂಜೆ ಬಸ್ಸಿನಿಂದ ಇಳಿದು, ನಮ್ಮ ಬೀದಿಯಲ್ಲೇ ನಿಂತು, ಮನೆ ಎಡಕ್ಕೋ ಬಲಕ್ಕೋ ಎಂದು ಯೋಚಿಸಿದೆ. ಡಾಕ್ಟರ್ ತಲೆಯ ಸ್ಕ್ಯಾನ್ ಮಾಡಿಸಿದರು. ಅಮ್ಮನಿಗೆ ಬಂದದ್ದೇ, ಅಮ್ಮನ ವಯಸ್ಸಿಗೇ. ಈಗ ಮೇಡಂ ನನ್ನನ್ನು ಹಣ್ಣು ತೊಳೆಯಲು ಮಾತ್ರ ಬಿಟ್ಟಿದ್ದಾರೆ. ವಿಳಾಸವನ್ನು ಪಕ್ಕದ ಮೇಜಿನವಳು ಬರೆಯುವುದು ನನ್ನ ಕೈಗೆ ಬಣ್ಣ ಹತ್ತಿದ್ದರಿಂದಲ್ಲ. ನಾನು ಬರೆದ ಎರಡು ಕವರುಗಳು ವಾಪಸ್ ಬಂದಿದ್ದವು.

ನಿಮಗೆ ಹೇಗೆ ಹೇಳಲಿ ಅಪ್ಪಾ? ಒಮ್ಮೆ ನೋಡಿದ್ದೀರಿ. ಇನ್ನೊಮ್ಮೆ ನೋಡಿ ಎನ್ನಲು ಬಾಯಿ ಬರಲಿಲ್ಲ.

ಹಣ್ಣಿನ ಬಗ್ಗೆಯೂ ನಿಜ ಹೇಳುತ್ತೇನೆ. ಇಲಿಗಳಿಗೆ ಒಳ್ಳೆಯದಾಗಿದೆ. ಇಲಿಗಳಿಗೆ. ಮನುಷ್ಯರಿಗೆ ಆಗುತ್ತದೋ ಇಲ್ಲವೋ ಮೇಡಂಗೂ ಗೊತ್ತಿಲ್ಲ, ಗೊತ್ತಾಗಲು ವರ್ಷಗಳು ಬೇಕು, ಒಳ್ಳೆಯದಾಗುತ್ತದೆ ಅಂದರೂ ಒಮ್ಮೆ ಕೆಟ್ಟದ್ದನ್ನು ಅದು ಸರಿ ಮಾಡುವುದಿಲ್ಲ ಎಂದು ಅವರೇ ಹೇಳಿದರು. ಇಷ್ಟು ಗೊತ್ತಿದ್ದೂ ನಾನು ದಿನಾ ಬೆಳಿಗ್ಗೆ ಒಂದು ಚಮಚ ತಿನ್ನುತ್ತೇನೆ. ಒಬ್ಬಳೇ ತಿನ್ನುವಾಗ ಔಷಧಿ ಅನ್ನಿಸಿ ಹೆದರಿಕೆಯಾಗುತ್ತದೆ. ನೀವೂ ಅಲ್ಲಿ ತಿನ್ನುತ್ತಿದ್ದೀರಿ ಎಂದುಕೊಂಡರೆ ಬರೀ ಹಣ್ಣು ಅನ್ನಿಸುತ್ತದೆ. ಅದಕ್ಕೇ ಕಳಿಸಿದೆ.

ಚಿಕ್ಕಪ್ಪನ ಟಾರ್ಚು ಇನ್ನೂ ಹೋಗಿಲ್ಲ ಅಪ್ಪಾ. ಕಣ್ಣು ಮುಚ್ಚಿದರೆ ಅದೇ ಕಾಣುತ್ತದೆ. ಅಮ್ಮನನ್ನು ಆ ಜಾಗದಲ್ಲಿ ನಿಲ್ಲಿಸಲು ಪ್ರಯತ್ನ ಮಾಡುತ್ತಿದ್ದೇನೆ.

ನಿಮ್ಮ ಮಗಳು

ಸೆಪ್ಟೆಂಬರ್ ೧೮

ಮಗಳೇ,

ನಾನು ಬರುತ್ತಿದ್ದೇನೆ. ಬೇಡ ಎಂದು ಬರೆಯಬೇಡ, ಬರೆದರೂ ನನಗೆ ಕಿವಿ ಮಂದ.

ಅಂಗಡಿ ಮುಚ್ಚಿಸುತ್ತೀಯ ಎಂದು ನಿನ್ನ ಮೇಲೆ ಎಗರಾಡಿದ್ದೆ. ಈಗ ನಾನೇ ಮುಚ್ಚುತ್ತಿದ್ದೇನೆ. ಶಟರ್ ಅಳೆದವರು ಯಾರು ಅಂತ ಗೊತ್ತಾಯಿತು. ಟೈಲರಮ್ಮ ತನ್ನ ಅಂಗಡಿಗೆ ಹೊಸ ಶಟರ್ ಹಾಕಿಸುತ್ತಿದ್ದಾಳೆ, ನನ್ನದರ ಹಾಗೇ ಇರಲಿ ಎಂದು ಅಳೆಸಿದ್ದಳಂತೆ. ಅವಳ ಹತ್ತಿರ ಹೋಗಿ, “ನಿನ್ನ ಮೇಲೆ ಸುಮ್ಸುಮ್ನೆ ಅನುಮಾನ ಪಟ್ಟೆ ಕಣಮ್ಮ” ಅಂದೆ. “ನೀವು ಯಾರ ಮೇಲೆ ಪಟ್ಟಿಲ್ಲ ಹೇಳಿ?” ಅಂದಳು. ಅದೂ ನಿಜವೇ.

ರಿಪೇರಿಗೆ ಬಂದ ವಾಚುಗಳನ್ನೆಲ್ಲ ವಾಪಸ್ ಕೊಟ್ಟು ಹೊರಡಬೇಕು, ಒಂದಷ್ಟು ದಿನ ಹಿಡಿಯುತ್ತದೆ. ಮೇಜನ್ನು ಚಿಕ್ಕಪ್ಪ ಲಾರಿಗೆ ಹಾಕಿಸುತ್ತಾನೆ. ನಿನ್ನ ಮನೆಯ ಕಿಟಕಿಯ ಹತ್ತಿರ ಅದಕ್ಕೆ ಜಾಗ ಮಾಡು. ನಿಮ್ಮ ಬೀದಿಯಲ್ಲೂ ಗಡಿಯಾರ ಕೆಡದೆ ಇರುತ್ತದೆಯೇ? ಸಂಜೆ ಬಸ್ ನಿಲ್ದಾಣಕ್ಕೆ ನಾನೇ ಬಂದು ನಿಲ್ಲುತ್ತೇನೆ. ಎಡವೋ ಬಲವೋ ನೀನು ಯೋಚಿಸುವುದು ಬೇಡ.

ದಿನಾ ಬೆಳಿಗ್ಗೆ ಒಂದು ಚಮಚ ತಿನ್ನುತ್ತಿದ್ದೇನೆ. ಚಿಕ್ಕಪ್ಪನೂ ತಿನ್ನುತ್ತಾನೆ. ಮೊದಲ ದಿನ ಅವನ ನಾಲಗೆ ಕಪ್ಪಾಗಿದ್ದನ್ನು ಕನ್ನಡಿಯಲ್ಲಿ ನೋಡಿ ಗಾಬರಿಯಾಗಿ ಓಡಿ ಬಂದಿದ್ದ.

ಇನ್ನು ಮೇಲೆ ನಿನಗೆ ಒಂದು ಸುಳ್ಳನ್ನೂ ಬರೆಯುವುದಿಲ್ಲ. ಇದು ನನ್ನ ಮಾತು.

ಅಪ್ಪ

ಅಕ್ಟೋಬರ್ ೩

ಅಪ್ಪನಿಗೆ,

ಇದರ ಜೊತೆಗೆ ಒಂದು ಬಾಟಲಿ ಕಳಿಸಿದ್ದೇನೆ. ಹೆದರಬೇಡಿ, ಔಷಧಿಯಲ್ಲ. ಶಾಯಿಹಣ್ಣಿನ ಪಾಕ. ನಾನು ಚಿಕ್ಕವಳಿದ್ದಾಗ ಕಲ್ಲುಗುಡ್ಡದಲ್ಲಿ ತಿನ್ನುತ್ತಿದ್ದೆವಲ್ಲ, ಅದೇ ಹಣ್ಣು.

ಒಂದು ಮಾತು ಕೇಳಬೇಕಿತ್ತು. ಅಲ್ಲಿ ಒಂದು ದಿನ ನಾನು ಕಳೆದುಹೋಗಿದ್ದೆ, ಅಲ್ಲವೇ? ನನ್ನನ್ನು ಹುಡುಕಿದ್ದು ಯಾರು? ಸುಮ್ಮನೆ ಕೇಳಿದೆ.

ನಿಮ್ಮ ಮಗಳು

ಅಕ್ಟೋಬರ್ ೯

ಅಲಾರಾಂಗೆ,

ಇದನ್ನು ನೀನು ಯಾವಾಗ ಕೇಳುತ್ತೀಯ ಎಂದು ಕಾಯುತ್ತಿದ್ದೆ. ಯಾರಿಗೂ ಹೇಳದೆ ನಿನಗೆಂದೇ ಇಟ್ಟುಕೊಂಡಿರುವ ಕಥೆ.

ನಿನಗೆ ಆಗ ಆರು ವರ್ಷ. ಮೂವರೂ ಹಣ್ಣು ಕೀಳಲು ಹೋಗಿದ್ದೆವು. ನೀನು ಒಂದು ಪೊದೆಯಿಂದ ಇನ್ನೊಂದಕ್ಕೆ ತಿನ್ನುತ್ತಾ ಹೋಗಿ ಮಾಯವಾದೆ. ಬಿಸಿಲು ಇಳಿಯುತ್ತಿತ್ತು. ನಾನು ನಿನ್ನ ಹೆಸರು ಕೂಗುತ್ತಾ ಗುಡ್ಡದ ಮೇಲಕ್ಕೆ ಓಡಿದೆ. ಓಡಿದ್ದು ತಪ್ಪು ದಿಕ್ಕಿಗೆ.

ಅಮ್ಮ ಕೂಗಲಿಲ್ಲ, ಓಡಲೂ ಇಲ್ಲ. ಬಗ್ಗಿ ಪೊದೆಗಳನ್ನು ನೋಡಿದಳು. ಕೆಲವು ಪೊದೆಗಳಲ್ಲಿ ಮೇಲಿನ ಹಣ್ಣು ಹಾಗೇ ಇತ್ತು, ಕೆಳಗೆ ಮಾತ್ರ, ಒಂದು ಮಗುವಿನ ಕೈಗೆ ಎಟುಕುವಷ್ಟು ಎತ್ತರದವರೆಗೆ, ಖಾಲಿ. ಅಂಥ ಪೊದೆ ಹಿಡಿದು ಅಂಥದೇ ಇನ್ನೊಂದು ಪೊದೆಗೆ ಹೋದಳು. ಹಾಗೇ ಹೋಗಿ ಒಂದು ದೊಡ್ಡ ಬಂಡೆಯ ಹಿಂದೆ ನೀನು ನಿದ್ದೆ ಮಾಡುತ್ತಿದ್ದಲ್ಲಿಗೆ ತಲುಪಿದಳು. ನಿನ್ನ ಬಾಯಿ, ಗಲ್ಲ, ಎರಡೂ ಕೈ ಕಪ್ಪೋ ಕಪ್ಪು. ನಾನು ಏದುಸಿರು ಬಿಡುತ್ತಾ ಬಂದಾಗ ಅಮ್ಮ ಎಂಜಲು ಹಚ್ಚಿ ನಿನ್ನ ಮುಖ ಒರೆಸುತ್ತಿದ್ದಳು. ಬಹಳ ಮೆಲ್ಲಗೆ ಬೈಯುತ್ತಿದ್ದಳು. ನಮ್ಮಿಬ್ಬರನ್ನೂ.

ಇದನ್ನು ಎಷ್ಟು ಸಲ ಬೇಕಾದರೂ ಕೇಳು.

ಭಾನುವಾರ ಬೆಳಗಿನ ರೈಲಿಗೆ ಬರುತ್ತೇನೆ. ಬಾಟಲಿ ಬಂತು. ಕೂಡಲೇ ತೆರೆದು ತಿಂದೆ, ನಾಲಗೆ ಕಪ್ಪಾಗಿದೆ. ಎಷ್ಟು ಚೆನ್ನಾಗಿ ಮಾಡಿದ್ದೀಯ! ಇಷ್ಟು ದಿನ ಯಾಕೆ ಕಳಿಸಿರಲಿಲ್ಲ?

ನಿನ್ನ ಅಪ್ಪ